ಬಿಳಿ ನೆಲದ ಮೇಲೆ ಬಲಗಾಲು

ಭದ್ರಾವತಿ
14-6-1999

ಚಿ. ಸೌ. ಸುಮನಾಳಿಗೆ,

ಆಶೀರ್ವಾದ ಎಂದು ಬರೆಯುವುದು ರೂಢಿ. ಬರೆದಿದ್ದೇನೆ. ಕುಶಲ ವಿಚಾರಿಸಲು ಈ ಕಾಗದವಲ್ಲ.

ನೀನು ಅಂಗಡಿಗೆ ಫೋನ್ ಮಾಡಿದೆಯಂತೆ. ನಿಮ್ಮಪ್ಪ ಮನೆಗೆ ಬಂದು ಕರೆದರು. ನಾನು ಹೋಗಲಿಲ್ಲ. ನೀನು ತಪ್ಪಾಯಿತು ಎನ್ನುವವರೆಗೆ ನಿನ್ನೊಡನೆ ಮಾತಿಲ್ಲ. ನಿನ್ನ ಹೊಸ್ತಿಲು ನಾನು ತುಳಿಯುವುದಿಲ್ಲ, ನೀನೂ ಇಲ್ಲಿಗೆ ಬರಬೇಡ. ಬರೆಯುವುದು ಮಾತಾಡಿದಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಧುವಿನ ಮದುವೆಗೆ ನಾನು ಸೋದರತ್ತೆಯಾಗಿ ಬಂದವಳು. ಪಂಕ್ತಿಯಲ್ಲಿ ಮೊದಲ ಎಲೆ ನನ್ನದು. ಬಡಿಸಿದ ಹೋಳಿಗೆಯನ್ನು ನನ್ನ ಎಲೆಯಿಂದ ಎತ್ತಿ ಬಕೆಟ್ಟಿಗೆ ಹಾಕಿ, "ನಮ್ಮಮ್ಮಂಗೆ ಬಡಿಸ್ಬೇಡ್ರಿ, ಶುಗರ್ ಇದೆ" ಎಂದು ಛತ್ರಕ್ಕೆಲ್ಲ ಕೇಳುವಂತೆ ಹೇಳಿದೆ. ಎಲೆಗೆ ಬಿದ್ದದ್ದು ಪ್ರಸಾದ. ನಮ್ಮ ಮನೆತನದಲ್ಲಿ ಶತ್ರುವಿನ ಎಲೆಯಿಂದಲೂ ಯಾರೂ ತೆಗೆದಿಲ್ಲ. ಆಮೇಲೆ ಬೀಗರ ಕಡೆಯ ಹೆಂಗಸು ನನ್ನ ಕೈ ಹಿಡಿದು "ಪಾಪ" ಎಂದಳು. ನನ್ನನ್ನು ಪಾಪ ಎಂದವರು ಇದುವರೆಗೆ ಇರಲಿಲ್ಲ.

ನೀನು ಅಪ್ಪನ ಕೈಯಲ್ಲಿ ಕಳಿಸಿದ ಮಾತ್ರೆ ತಲುಪಿದೆ. ನಿನ್ನ ಅಜ್ಜಿಯ ಕೋಣೆಯ ಗೋಡೆಗೂಡಿನಲ್ಲಿ ಇಟ್ಟಿದ್ದೇನೆ. ಅವರ ಮಾತ್ರೆಗಳೂ ಅಲ್ಲೇ ಇರುತ್ತಿದ್ದವು. ಒಮ್ಮೆ ಶುರು ಮಾಡಿದರೆ ಸಾಯುವವರೆಗೆ ಬಿಡುವಂತಿಲ್ಲ ಎಂದು ಡಾಕ್ಟರೇ ಹೇಳುತ್ತಾರೆ. ಅತ್ತೆ ಮಾತ್ರೆ ಶುರು ಮಾಡಿದರು, ಆಮೇಲೆ ಇಂಜೆಕ್ಷನ್, ಆಮೇಲೆ ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಿದರು. ಎರಡು ವರ್ಷ ಒಂಟಿ ಬಲಗಾಲಿನಲ್ಲಿ ಗೋಡೆ ಹಿಡಿದು ಕುಪ್ಪಳಿಸುತ್ತಿದ್ದುದನ್ನು ನೀನೂ ನೋಡಿದ್ದೀಯ. ಆ ದಾರಿ ನನಗೆ ಬೇಡ. ನನಗೆ ಎಲ್ಲೂ ನೋವಿಲ್ಲ. ನೋವಿಲ್ಲದ್ದಕ್ಕೆ ಮದ್ದು ತಿನ್ನುವವಳು ನಾನಲ್ಲ. ಹಾಗಲಕಾಯಿ ರಸ ಕುಡಿಯುತ್ತಿದ್ದೇನೆ, ಸಾಕು.

ಇತಿ,
ಜಯಶೀಲಾ ಷಡಕ್ಷರಪ್ಪ


ಹೊಸಮನೆ, ಶಿವಮೊಗ್ಗ
2-7-1999

ಅಮ್ಮನಿಗೆ ನಮಸ್ಕಾರ.

ಎಲ್ಲರ ಮುಂದೆ ಹೇಳಿದ್ದು ತಪ್ಪು. ಅದಕ್ಕೆ ಕ್ಷಮಿಸು. ಹೋಳಿಗೆ ತೆಗೆದದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದು ನಿನ್ನ ಮೂರನೆಯ ಹೋಳಿಗೆ.

ನೋವಿಲ್ಲ ಎನ್ನುತ್ತೀಯಲ್ಲ, ಅದೇ ನನಗೆ ಭಯ. ಮದುವೆಯ ದಿನ ಛತ್ರದ ಮೆಟ್ಟಿಲ ಮೇಲೆ ನಿನ್ನ ಒಂದು ಚಪ್ಪಲಿ ಕಳಚಿ ಬಿತ್ತು. ನೀನು ಹಾಗೇ ನಡೆದು ಹೋದೆ. ನಾನು ಎತ್ತಿಕೊಂಡು ಹಿಂದೆ ಓಡಿ ಬಂದು ಕೊಟ್ಟಾಗ, "ಯಾವಾಗ್ ಬಿತ್ತೇ?" ಎಂದೆ. ನೆನಪಿದೆಯಾ? ಕಾಲಿಂದ ಚಪ್ಪಲಿ ಹೋದದ್ದು ಕಾಲಿಗೆ ಗೊತ್ತಾಗಲಿಲ್ಲ. ಇದನ್ನು ಇಲ್ಲಿಯ ಡಾಕ್ಟರಿಗೆ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದರು.

ಮೊನ್ನೆ ಬಸ್ಸು ಹತ್ತಿದೆ. ಬರಬೇಡ ಅಂದಿದ್ದೀಯ ಎಂದು ನೆನಪಾಗಿ ಮಲವಗೊಪ್ಪದಲ್ಲಿ ಇಳಿದು, ಎದುರಿನ ಬಸ್ಸು ಹಿಡಿದು ವಾಪಸ್ ಬಂದೆ. ನಿನ್ನ ಅಳಿಯ ರುದ್ರೇಶ್ ಅವರು ನಗುತ್ತಾರೆ, "ತಾಯಿ ಮಗಳು ಇಬ್ರದ್ದೂ ಒಂದೇ ಅಚ್ಚು" ಅಂತ.

ಮಾತ್ರೆ ತಗೋ ಅಮ್ಮ.

ನಿನ್ನ
ಸುಮನಾ


ಭದ್ರಾವತಿ
11-8-1999

ಚಿ. ಸೌ. ಸುಮನಾಳಿಗೆ,

ಅರ್ಧ ಕ್ಷಮೆ ನನಗೆ ಬೇಡ. ಉಳಿದರ್ಧ ಸಿದ್ಧವಾದಾಗ ಬರೆ.

ಚಪ್ಪಲಿ ಹಳೆಯದು, ಸಡಿಲವಾಗಿತ್ತು. ವಯಸ್ಸಾದ ಮೇಲೆ ಯಾರಿಗೂ ಪಾದ ಸ್ವಲ್ಪ ದಪ್ಪ ಎನಿಸುತ್ತದೆ. ಹತ್ತಿಯ ಮೇಲೆ ನಡೆದ ಹಾಗಿರುತ್ತದೆ, ಅಷ್ಟೇ. ಅದು ಸುಖವೇ ಹೊರತು ಕಾಯಿಲೆಯಲ್ಲ. ಕಾಲು ನೋಯುತ್ತದೆ ಎಂದು ಗೋಳಾಡುವ ಕರಿಬಸಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ಅವಳಿಗಿಂತ ನಾನು ವಾಸಿ.

ಇತಿ,
ಜಯಶೀಲಾ ಷಡಕ್ಷರಪ್ಪ


ಭದ್ರಾವತಿ
11-10-1999

ಚಿ. ಸೌ. ಸುಮನಾಳಿಗೆ,

ನಿನಗೆ ಬರೆಯಬಾರದೆಂದು ಇದ್ದೆ. ಆದರೆ ನಡೆದದ್ದು ಮೊಮ್ಮಗಳಾದ ನಿನಗೆ ತಿಳಿಯಬೇಕು.

ಶನಿವಾರ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡಿದೆವು. ಪ್ರತಿ ವರ್ಷದಂತೆ ಅತ್ತೆಯವರು ತೀರಿಕೊಂಡ ಕೋಣೆಯಲ್ಲೇ ಎಡೆ ಇಟ್ಟೆ. ಹೋಳಿಗೆ, ಕುಂಬಳಕಾಯಿ ಗಾರಿಗೆ, ಹೊಸ ಸೀರೆ. ಮುತ್ತೈದೆಯಾಗಿ ಹೋದವರೆಂದು ಹಸಿರು ಗಾಜಿನ ಬಳೆ. ಕಿಟಕಿ ಮುಚ್ಚಿ ದೀಪ ಹಚ್ಚಿ, ಹಿಂದಿರುಗಿ ನೋಡದೆ ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಎಲ್ಲರೂ ಅಂಗಳದಲ್ಲಿ ಕೂತೆವು. ಆಮೇಲೆ ನಿಮ್ಮಪ್ಪ ಬಾಗಿಲು ತಟ್ಟಿ ತೆರೆದರು. ತೆರೆದವರು ಒಳಗೆ ಹೋಗಲಿಲ್ಲ. "ಜಯಾ, ಇಲ್ಲಿ ಬಾ" ಎಂದರು. ಅವರ ದನಿ ಚಿಕ್ಕ ಹುಡುಗನ ದನಿಯಂತಿತ್ತು.

ಹೋದ ವರ್ಷ ಆ ಕೋಣೆಗೆ ಬಿಳಿ ಟೈಲ್ಸ್ ಹಾಕಿಸಿದೆವಲ್ಲ. ಅದರ ಮೇಲೆ ಹೆಜ್ಜೆಗಳಿದ್ದವು. ಕುಂಕುಮ ಕಲಸಿದ ನೀರಿನಲ್ಲಿ ಅದ್ದಿ ಇಟ್ಟಂತೆ. ಎಡೆಯ ಮುಂದೆ, ಅಲ್ಲಿಂದ ಗೋಡೆಗೂಡಿನವರೆಗೆ, ಅಲ್ಲಿಂದ ಬಾಗಿಲಿಗೆ. ಎಲ್ಲವೂ ಬಲಗಾಲು. ಎಡಗಾಲಿನ ಗುರುತು ಒಂದೂ ಇರಲಿಲ್ಲ.

ಕರಿಬಸಮ್ಮ ಹೊಸ್ತಿಲಲ್ಲೇ ಕುಸಿದು ಕೂತು, "ನಿಮ್ಮತ್ತೆ ಬಂದಾರೆ ಜಯಕ್ಕಾ, ಕುಂಟ್ಕೊಂಡೇ ಬಂದಾರೆ" ಎಂದು ಅತ್ತಳು. ಬಳೆಗಳಲ್ಲಿ ಒಂದು ಕೆಳಗೆ ಬಿದ್ದು ಒಡೆದಿತ್ತು. ತೊಟ್ಟು ನೋಡಿದ್ದಾರೆ ಎಂದು ಅವಳೇ ತೋರಿಸಿದಳು.

ಅವರು ಗೂಡಿನ ಮುಂದೆ ನಿಂತಿದ್ದಾರೆ ಸುಮನಾ. ನೀನು ಕಳಿಸಿದ ಮಾತ್ರೆ ಇರುವ ಗೂಡಿನ ಮುಂದೆ. ಅಲ್ಲಿಯ ಗುರುತು ಎಲ್ಲಕ್ಕಿಂತ ದಟ್ಟವಾಗಿದೆ, ಬಹಳ ಹೊತ್ತು ನಿಂತವರದ್ದು. ಏಕೆ ನಿಂತರು ಎಂದು ನನಗೆ ಗೊತ್ತಿದೆ. ಅವರ ಕಾಲನ್ನು ತಿಂದದ್ದು ನನ್ನ ಕಾಲನ್ನೂ ತಿನ್ನದಿರಲಿ ಎಂದು ಹೇಳಲು ಬಂದಿದ್ದಾರೆ. ಇನ್ನು ಮಾತ್ರೆಯ ಮಾತು ಎತ್ತಬೇಡ.

ಇತಿ,
ಜಯಶೀಲಾ ಷಡಕ್ಷರಪ್ಪ


ಭದ್ರಾವತಿ
23-10-1999

ಚಿ. ಸೌ. ಸುಮನಾಳಿಗೆ,

ನಿನ್ನಿಂದ ಉತ್ತರವಿಲ್ಲ. ಹೆದರಿದೆಯೋ, ನಕ್ಕೆಯೋ.

ಅತ್ತೆಯವರು ಹೋಗಿಲ್ಲ. ಹಬ್ಬದ ಮಾರನೆಯ ದಿನದಿಂದ ನಾನು ಪ್ರತಿ ಸಂಜೆ ಎಡೆ ಇಡುತ್ತಿದ್ದೇನೆ. ಬದುಕಿದ್ದಾಗ ಡಾಕ್ಟರ ಮಾತು ಕೇಳಿ ನಾವೆಲ್ಲ ಅವರ ಬಾಯಿ ಕಟ್ಟಿದ್ದೆವು. ಈಗ ಯಾರ ಅಪ್ಪಣೆ ಬೇಕು? ಒಂದು ದಿನ ಗಾರಿಗೆ, ಒಂದು ದಿನ ಸಜ್ಜಿಗೆ. ದೀಪ ಹಚ್ಚಿ, ತಿರುಗಿ ನೋಡದೆ ಬಾಗಿಲು ಹಾಕಿ ಬರುತ್ತೇನೆ. ಬೆಳಗ್ಗೆ ತೆರೆದರೆ ಒಂದಾದರೂ ಹೊಸ ಹೆಜ್ಜೆ ಇರುತ್ತದೆ. ಕೆಲವೊಮ್ಮೆ ಹಿಮ್ಮಡಿ ಮಾತ್ರ, ಕೆಲವೊಮ್ಮೆ ಬೆರಳು. ಆ ಕೋಣೆ ಬಿಟ್ಟು ಮನೆಯಲ್ಲಿ ಬೇರೆಲ್ಲೂ ಕಾಣುವುದಿಲ್ಲ. ತಮ್ಮ ಕೋಣೆ ಬಿಟ್ಟು ಅವರು ಹೊರಗೆ ಬರುವುದಿಲ್ಲ. ಎಡೆಯ ಪ್ರಸಾದ ಮನೆಯ ಹಿರಿಯ ಹೆಂಗಸು ತಿನ್ನಬೇಕಾದ್ದು. ತಿನ್ನುತ್ತೇನೆ.

ಶುಕ್ರವಾರ ಬೀದಿಯ ಹೆಂಗಸರು ಅರಿಶಿನ ಕುಂಕುಮ ಹಿಡಿದು ಬರುತ್ತಾರೆ. ಗೂಡಿನ ಮುಂದಿನ ಹೆಜ್ಜೆಯ ಸುತ್ತ ರಂಗೋಲಿ ಎಳೆದಿದ್ದೇನೆ. ಕರಿಬಸಮ್ಮನ ಸೊಸೆಗೆ ಮದುವೆಯಾಗಿ ಆರು ವರ್ಷವಾಯಿತು, ಮಕ್ಕಳಿಲ್ಲ. ಅವಳು ಆ ಹೆಜ್ಜೆಗೆ ಹಣೆ ಹಚ್ಚಿ ಬಹಳ ಹೊತ್ತು ಮಲಗಿದ್ದಳು. ಎದ್ದಾಗ ಹಣೆಯ ಮೇಲೆ ಕಂದು ಗುರುತು ಇತ್ತು. ಅವಳು ಒರೆಸಿಕೊಳ್ಳಲಿಲ್ಲ.

ಎರಡು ದಿನದಿಂದ ಕೋಣೆಯಲ್ಲಿ ಒಂದು ವಾಸನೆ ಇದೆ. ಬಾಡಿದ ಹೂವಿನದಿರಬೇಕು. ಹೂ ತೆಗೆದೆ. ಹೋಗಲಿಲ್ಲ. ನಾನು ಅಡುಗೆಮನೆಗೆ ಹೋದರೆ ಅಲ್ಲಿಗೂ ಬರುತ್ತದೆ. ಅತ್ತೆ ನನ್ನ ಹಿಂದೆಯೇ ಬರುತ್ತಿದ್ದಾರೆ ಎನಿಸುತ್ತದೆ. ಭಯವಿಲ್ಲ. ಬದುಕಿದ್ದಾಗ ಅವರು ನನ್ನ ಜೊತೆ ಇಷ್ಟು ಇದ್ದವರಲ್ಲ.

ಇತಿ,
ಜಯಶೀಲಾ ಷಡಕ್ಷರಪ್ಪ


ಹೊಸಮನೆ, ಶಿವಮೊಗ್ಗ
26-10-1999

ಅಮ್ಮಾ,

ನಾವು ರುದ್ರೇಶ್ ಅವರ ಅಣ್ಣನ ಊರಿಗೆ ಹೋಗಿದ್ದೆವು. ನಿನ್ನ ಎರಡೂ ಕಾಗದ ಇವತ್ತೇ ಓದಿದೆ. ಅಂಗಡಿಯ ಫೋನು ಸತ್ತಿದೆ. ಮಗುವಿಗೆ ಜ್ವರ, ಬಿಟ್ಟು ಹೊರಡಲಾರೆ. ರುದ್ರೇಶ್ ಬಸ್ ಸ್ಟ್ಯಾಂಡಿಗೆ ಹೋಗಿ ನಿಮ್ಮ ಕಡೆ ಬರುವವರ ಕೈಯಲ್ಲಿ ಇದನ್ನು ಕೊಡುತ್ತಾರೆ. ಪೂರ್ತಿ ಓದು. ಹರಿಯುವುದಾದರೆ ಓದಿದ ಮೇಲೆ ಹರಿ.

ಕೋಣೆಯಿಂದ ಕೊನೆಗೆ ಹೊರಗೆ ಬಂದವರು ಯಾರು? ದೀಪ ಹಚ್ಚಲು ಬೆಂಕಿಪೊಟ್ಟಣ ಎಲ್ಲಿಂದ ತೆಗೆದುಕೊಂಡೆ? ಅದು ನಾನು ಹುಟ್ಟಿದಾಗಿನಿಂದ ಆ ಗೂಡಿನಲ್ಲೇ ಇರುತ್ತದೆ. ಹಿಂದಿರುಗಿ ನೋಡಬಾರದು ಎಂದು ನೋಡಲಿಲ್ಲ. ನೋಡಿದ್ದರೆ ಅವತ್ತೇ ಕಾಣುತ್ತಿತ್ತು. ಬೇರೆ ಕಡೆ ಹೆಜ್ಜೆ ಇಲ್ಲ ಅಂತೀಯ. ಬೇರೆ ಕಡೆ ಎಲ್ಲ ಕೆಂಪು ಗಾರೆ ನೆಲ ಅಮ್ಮ. ಕೆಂಪಿನ ಮೇಲೆ ಕೆಂಪು ಕಾಣುವುದಿಲ್ಲ.

ಬಳೆ ಒಡೆದದ್ದು ಯಾರೋ ತೊಟ್ಟು ನೋಡಿದ್ದರಿಂದಲ್ಲ. ಯಾರೋ ತುಳಿದದ್ದರಿಂದ.

ಆಮೇಲೆ ಆ ಗೂಡಿನ ಮುಂದೆ ಬಹಳ ಹೊತ್ತು ನಿಂತವರು. ದಿನಾ ನಿಲ್ಲುವವರು. ಬೆಂಕಿಪೊಟ್ಟಣ ತೆಗೆದುಕೊಳ್ಳುವುದಕ್ಕೆ ಅಷ್ಟು ಹೊತ್ತು ಬೇಡ. ನೀನು ಆ ಮಾತ್ರೆಯನ್ನು ನೋಡುತ್ತ ನಿಲ್ಲುತ್ತೀಯ ಅಲ್ಲವಾ? ನುಂಗಲೋ ಬೇಡವೋ ಎಂದು?

ಬಲಗಾಲಿನ ಅಂಗಾಲು ನೋಡಿಕೋ. ಬಗ್ಗಲಾಗದಿದ್ದರೆ ಕನ್ನಡಿ ಇಟ್ಟು ನೋಡು. ಈಗಲೇ. ಕೈಯಲ್ಲಿರುವ ಕೆಲಸ ಬಿಟ್ಟು.

ಮದುವೆಯದ್ದು ಪೂರ್ತಿ ನನ್ನದೇ ತಪ್ಪು. ಹೋಳಿಗೆಯದ್ದೂ.

ಸುಮನಾ


ಭದ್ರಾವತಿ
30-10-1999

ಚಿ. ಸೌ. ಸುಮನಾಳಿಗೆ ನಿನ್ನ ತಂದೆ ಷಡಕ್ಷರಪ್ಪನ ಆಶೀರ್ವಾದ. ಮಗುವಿನ ಜ್ವರ ಇಳಿಯಿತೆಂದು ರುದ್ರೇಶ್ ತಿಳಿಸಿದರು, ಸಮಾಧಾನ.

ನಿನ್ನ ಕಾಗದವನ್ನು ನಿಮ್ಮಮ್ಮ ನಿಂತೇ ಓದಿದಳು. ಹರಿಯಲಿಲ್ಲ. ಗೋಡೆಯ ಕನ್ನಡಿ ಬಿಚ್ಚಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಕೊನೆಗೆ ನಾನೇ ತಳ್ಳಿಕೊಂಡು ಹೋದೆ. ನೆಲದ ಮೇಲೆ ಕನ್ನಡಿ, ಅದರ ಮೇಲೆ ಎತ್ತಿ ಹಿಡಿದ ಕಾಲು. "ಇಲ್ನೋಡ್ರಿ, ಇದು ನಿಮ್ಮವ್ವನ ಕಾಲು. ನಂದಲ್ಲ" ಎಂದಳು. ಅಂಗಾಲಿನ ನಡುವೆ ಕಪ್ಪು ಅಂಚಿನ ಗುಳಿ. ಅದರೊಳಗೆ ಬೆರಳಿಟ್ಟು ಒತ್ತುತ್ತಿದ್ದಳು. "ಬೆರಳಿಗೆ ಗೊತ್ತಾಗ್ತದೆ, ಕಾಲಿಗೆ ಗೊತ್ತಾಗಲ್ಲ" ಎನ್ನುತ್ತಿದ್ದಳು. ನಾನು ಕಾಲು ಹಿಡಿಯಲು ಹೋದರೆ ಸರಕ್ಕನೆ ಎಳೆದುಕೊಂಡಳು. "ಗಂಡ ಹೆಂಡ್ತಿ ಕಾಲ್ ಮುಟ್ಟೋದುಂಟಾ? ಯಾಕ್ರಿ ನಂಗೆ ಪಾಪ ಕಟ್ಟಿಸ್ತೀರಿ?" ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ನಾನು ಅವಳಿಗೆ ಬೈದೆ. ಆಟೋ ತರಿಸಿದೆ.

ಡಾಕ್ಟರು ಇಕ್ಕಳದಿಂದ ಗಾಜು ತೆಗೆದರು. ಬಳೆಯ ಚೂರು, ಹಸಿರು. ತೆಗೆಯುವಾಗ ನಿಮ್ಮಮ್ಮ ನರ್ಸಿಗೆ ಗಾರಿಗೆ ಮಾಡುವ ವಿಧಾನ ಹೇಳುತ್ತಿದ್ದಳು. ಮಾತು ಎಲ್ಲೂ ತಡವರಿಸಲಿಲ್ಲ. ತೆಗೆದಾಯಿತು ಎಂದು ತೋರಿಸಿದ ಮೇಲೆ ಸುಮ್ಮನಾದಳು.

ಇವತ್ತಿನಿಂದಲೇ ಮಾತ್ರೆ ಶುರುವಾಗಬೇಕು, ಸಕ್ಕರೆ ಇಳಿಯದಿದ್ದರೆ ಗಾಯ ಮಾಯುವುದಿಲ್ಲ, ಆಮೇಲೆ ಪಾದ ಉಳಿಸುವುದು ತಮ್ಮ ಕೈಯಲ್ಲಿಲ್ಲ ಎಂದರು ಡಾಕ್ಟರು. "ಯೋಚನೆ ಮಾಡ್ತೀನಿ" ಎಂದಳು. ಮತ್ತೆ ಅವ್ವನ ಕಥೆಯನ್ನೇ ಹೇಳಿದಳು, ಮಾತ್ರೆಯಿಂದ ಕಾಲು ಹೋಯಿತೆಂದು. ಅವಳಿಗೆ ಅದು ಹಿಂದುಮುಂದಾಗಿ ನೆನಪಿದೆ. ಅವ್ವನಿಗೆ ಮಾತ್ರೆ ಕೊಟ್ಟದ್ದು ಕಾಲು ಕಪ್ಪಾದ ಮೇಲೆ. ಆಗ ಇವಳು ತನ್ನ ತಾಯಿಯ ಆರೈಕೆಗೆಂದು ತವರಿಗೆ ಹೋಗಿದ್ದಳು. ವಾಪಸ್ ಬಂದಾಗ ಗೂಡಿನಲ್ಲಿ ಮಾತ್ರೆ ನೋಡಿದಳು, ಕಾಲು ಹೋದದ್ದನ್ನು ಆಮೇಲೆ ನೋಡಿದಳು. ಹೇಳಿದೆ. ಕೇಳಿಸಿಕೊಂಡಳು.

ಬೀದಿಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಹೆಜ್ಜೆಗಳನ್ನು ಒರೆಸಲು ಬಿಡುತ್ತಿಲ್ಲ. ಮಾತ್ರೆ ಹಾಗೇ ಇದೆ. ಮಾತ್ರೆ ನುಂಗಿದರೆ ಹೆಜ್ಜೆ ಯಾರದ್ದೆಂದು ಒಪ್ಪಿಕೊಂಡ ಹಾಗೆ. ನಿಮ್ಮಮ್ಮನಿಗೆ ಯಾವುದು ಕಷ್ಟ ಎಂದು ನಾನು ನಿನಗೆ ಹೇಳಬೇಕಾಗಿಲ್ಲ.

ಇಂತಿ,
ಷಡಕ್ಷರಪ್ಪ


ಭದ್ರಾವತಿ
13-11-1999

ಸುಮನಾ,

ನೀನು ದೀಪಾವಳಿಗೆ ಬರುತ್ತೇನೆಂದು ಬರೆದಾಗ ಬೇಡವೆಂದೆ. ಒಂದು ಕೆಲಸ ಬಾಕಿ ಇತ್ತು. ಅದು ನಿನ್ನ ಮುಂದೆ ಆಗುವಂಥದ್ದಲ್ಲ. ನಿನ್ನೆ ಆಯಿತು.

ಹಬ್ಬದ ನಾಲ್ಕು ದಿನ ಕಾಲು ಮೇಲಿಟ್ಟುಕೊಂಡು ಕೂತಿದ್ದೆ. ಕೋಣೆಯ ಬಾಗಿಲು ತೆರೆದೇ ಇಟ್ಟಿದ್ದೆ. ಪಟ್ಟಿ ಕಟ್ಟಿದ ಮೇಲೆ ಒಂದು ಹೆಜ್ಜೆಯೂ ಬೀಳಲಿಲ್ಲ. ಯಾರೂ ಬಂದಿರಲಿಲ್ಲ ಎಂದು ಗೊತ್ತಾದ ಕೋಣೆಯನ್ನು ನೋಡುತ್ತ ಕೂರುವುದು ಏನೆಂದು ನಿನಗೆ ಹೇಳಲಾರೆ. ಅತ್ತೆ ಇದ್ದಾರೆಂದು ತಿಳಿದಿದ್ದಾಗ ನನಗೆ ಭಯವಾಗಿರಲಿಲ್ಲ.

ಶುಕ್ರವಾರ ಹೆಂಗಸರು ಬಂದರು, ಎಂದಿಗಿಂತ ಹೆಚ್ಚು ಜನ. ಕೋಣೆಯಲ್ಲಿ ಕುರ್ಚಿ ಹಾಕಿ ಕೂತು ಎಲ್ಲರನ್ನೂ ಕೂರಿಸಿದೆ. ಸೀರೆಯ ನೆರಿಗೆ ಎತ್ತಿ ಪಟ್ಟಿ ಕಟ್ಟಿದ ಕಾಲನ್ನು ಮುಂದೆ ಚಾಚಿದೆ.

"ನೋಡ್ರಿ, ನೀವು ಕುಂಕುಮ ಹಚ್ಚಿದ್ದು ನಮ್ಮತ್ತೆ ಹೆಜ್ಜೆಗಲ್ಲ. ಬಳೆ ಚೂರು ಹೊಕ್ಕು ನನ್ನ ಕಾಲಿಂದ ಸುರಿದ ರಕ್ತ ಅದು. ನಂಗೆ ಶುಗರ್ ಇದೆ. ಕಾಲಲ್ಲಿ ಸ್ಪರ್ಶ ಇಲ್ಲ. ಅದಕ್ಕೇ ಗೊತ್ತಾಗಲಿಲ್ಲ" ಎಂದೆ.

ನೀನು ಛತ್ರದಲ್ಲಿ ಹೇಳಿದ ಮಾತನ್ನು ನನ್ನ ಬಾಯಿಂದ ನಾನೇ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. "ಪಾಪ" ಎನ್ನುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ಗಟ್ಟಿ ಮಾಡಿಕೊಂಡು ಕೂತಿದ್ದೆ. ಯಾರೂ ನಗಲಿಲ್ಲ. ಕರಿಬಸಮ್ಮ ಎದ್ದು ಹತ್ತಿರ ಬಂದಳು. ಅವಳ ಕಣ್ಣು ಅಗಲವಾಗಿತ್ತು.

"ಎಂಥ ಮಾತಾಡ್ತೀಯ ಮಾರಾಯ್ತಿ! ಗಾಜು ಹೊಕ್ಕು ರಕ್ತ ಹರಿದ್ರೂ ನೋವಾಗಿಲ್ಲ ಅಂದ್ರೆ ಆ ಕಾಲು ನಿಂದಾ? ಎಡಗಾಲಿಗೆ ಚುಚ್ಚಬಾರದಿತ್ತಾ? ಬಲಗಾಲೇ ಯಾಕೆ? ನಿಮ್ಮತ್ತೆ ನೆಲದ ಮೇಲೆ ಬಂದಿಲ್ಲ ಜಯಕ್ಕ. ನಿನ್ನ ಕಾಲೊಳಗೇ ಬಂದಾರೆ."

ಅವಳ ಸೊಸೆ ಮೊದಲು ಬಗ್ಗಿದಳು. ಪಟ್ಟಿಯ ಮೇಲೆ ಅರಿಶಿನ ಬಿತ್ತು, ಕುಂಕುಮ ಬಿತ್ತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ನನಗಿಂತ ಹಿರಿಯರೂ ಬಗ್ಗಿದರು. ನನ್ನನ್ನು ಎಂದೂ ಮಾತಾಡಿಸದ ಮೇಲಿನ ಬೀದಿಯವಳೂ ಬಗ್ಗಿದಳು.

ನಿನಗೆ ಸುಳ್ಳು ಬರೆಯುವುದಿಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ. ಛತ್ರದಲ್ಲಿ ಹೋದದ್ದು ಎಲ್ಲ ತಿರುಗಿ ಬಂದು ನನ್ನ ಕಾಲ ಬಳಿ ಕೂತ ಹಾಗಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು. ನಾನು ಯಾರಿಗೂ ರೋಗಿಯಾಗುತ್ತಿರಲಿಲ್ಲ.

ಬೆಂಕಿಪೊಟ್ಟಣಕ್ಕೆ ಗೂಡಿಗೆ ಕೈ ಹಾಕಿದ ಒಬ್ಬಳಿಗೆ ಮಾತ್ರೆಯ ಪಟ್ಟಿ ಸಿಕ್ಕಿತು. "ಇದೇನ್ ಜಯಕ್ಕ?" ಎಂದಳು. "ಬಿಸಾಡೇ ಅದನ್ನ," ಎಂದಳು ಕರಿಬಸಮ್ಮ ನನ್ನ ಪರವಾಗಿ. "ಹಿರಿಯರು ಬಂದ ಮೈಗೆ ಮಾತ್ರೆ ಯಾಕೆ?"

ಆಗ ಅವಳ ಸೊಸೆಯ ಮುಖ ನೋಡಿದೆ. ನನ್ನ ಕಾಲನ್ನು ನೋಡುತ್ತಿದ್ದ ಅವಳ ಮೂಗಿನ ಹೊಳ್ಳೆ ಸ್ವಲ್ಪ ಸಂಕುಚಿಸಿತ್ತು. ಪಟ್ಟಿಯ ಒಳಗಿನಿಂದ ವಾಸನೆ ಬರುತ್ತಿತ್ತು, ಅದೇ ವಾಸನೆ. ಆ ಹುಡುಗಿಗೆ ಗೊತ್ತಾಗಿತ್ತು. ಗೊತ್ತಾದರೂ ಕೈ ಮುಗಿದುಕೊಂಡೇ ಇದ್ದಳು, ಮಗು ಬೇಕಲ್ಲ. ಕಾಲು ಕೊಳೆತಷ್ಟೂ ಇವರು ಬಗ್ಗುತ್ತಾರೆ ಎಂದು ಅನಿಸಿತು. ಕತ್ತರಿಸಿ ಹಾಕಿದ ದಿನ ಇನ್ನೂ ಹೆಚ್ಚು ಜನ ಬರುತ್ತಾರೆ.

"ಕೊಡೇ ಇಲ್ಲಿ" ಎಂದೆ. "ಒಂದ್ ಲೋಟ ನೀರು ತಗೊಂಬಾ."

ಯಾರೂ ಏಳಲಿಲ್ಲ. ನಿಮ್ಮಪ್ಪ ಬಾಗಿಲ ಹೊರಗೇ ನಿಂತಿದ್ದರೆಂದು ಕಾಣುತ್ತದೆ. ಅವರೇ ತಂದರು. ಹೆಂಗಸರೆಲ್ಲ ನೋಡುತ್ತಿದ್ದಂತೆ ಮಾತ್ರೆ ಬಾಯಿಗೆ ಹಾಕಿಕೊಂಡೆ. ಬಾಯಿ ಒಣಗಿತ್ತು, ಒಂದೇ ಗುಟುಕಿಗೆ ಇಳಿಯಲಿಲ್ಲ. ಕಹಿ ನಾಲಗೆಗೆ ಹತ್ತಿತು, ಗಂಟಲಿಗೆ ಹತ್ತಿತು, ಎದೆಯವರೆಗೆ ಇಳಿಯುವುದು ಸ್ಪಷ್ಟವಾಗಿ ಗೊತ್ತಾಯಿತು. ಕಣ್ಣು ಮುಚ್ಚಿಕೊಂಡೆ. ಬಳೆಗಳ ಸದ್ದು, ಸೀರೆಗಳ ಸದ್ದು, ತಟ್ಟೆ ಎತ್ತಿಕೊಂಡ ಸದ್ದು. ಒಬ್ಬೊಬ್ಬರೇ ಹೊರಗೆ ಹೋದರು. ಹೋಗಿ ಬರುತ್ತೇನೆ ಎಂದು ಒಬ್ಬರೂ ಹೇಳಲಿಲ್ಲ. ಎಲ್ಲ ಸದ್ದು ನಿಂತ ಮೇಲೆ, ಕೋಣೆಯಲ್ಲಿ ನಾನು ಒಬ್ಬಳೇ ಎಂದುಕೊಂಡು ಕಣ್ಣು ತೆರೆದೆ.

ಕರಿಬಸಮ್ಮ ಹೋಗಿರಲಿಲ್ಲ. ನೆಲದ ಮೇಲೆ ಕೂತು ನನ್ನ ಬಲಪಾದವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಹಣೆ ಒತ್ತಿಕೊಂಡು, ಸದ್ದಿಲ್ಲದೆ ಅಳುತ್ತಿದ್ದಳು. ಎಷ್ಟು ಹೊತ್ತಿನಿಂದ ಹಿಡಿದಿದ್ದಳೋ. ನಾನು ತಲೆ ತಗ್ಗಿಸಿ ನೋಡುವವರೆಗೆ ನನಗೆ ಗೊತ್ತೇ ಆಗಲಿಲ್ಲ.

ಅಮ್ಮ